ಯಾರ ಕೂಸಿನ ಅಳತೆ?

ಫಿಟ್ಸ್ ಬಂದು ಸೆಟೆದ ಕೂಸಿಗೆ, ಎದೆಬಡಿತ ನಿಂತ ಕೂಸಿಗೆ ಔಷಧ ಕೊಡುವುದು ತೂಕದ ಲೆಕ್ಕದ ಮೇಲೆ. ತೂಗಲು ಹೊತ್ತಿರುವುದಿಲ್ಲ. ಆ ಲೆಕ್ಕವನ್ನು ಕಣ್ಣೆದುರೇ ಬರೆದು ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ ಕನ್ನಡಕಗಳು ಬಂದಿವೆ. ಜಿನೀವಾದ ವೈದ್ಯರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗೂಗಲ್ ಗ್ಲಾಸ್ ಹಾಕಿಕೊಂಡವರು ಎದೆಗೆ ಕೊಡುವ ಕರೆಂಟ್ ಶಾಕಿನ ಪ್ರಮಾಣದಲ್ಲಿ ಮಾಡಿದ ತಪ್ಪು ಕಡಿಮೆ. ಸಂತೋಷ. ನಾನು ಯಂತ್ರದ ವೈರಿಯಲ್ಲ. ಆದರೆ ಅಲ್ಲಿ ಮಲಗಿದ್ದದ್ದು ಗೊಂಬೆ.

ನಮ್ಮ ಖಾನಾಪುರ ತಾಲೂಕಿನ ಬೀಡಿ ಊರಿನ ಕೂಲಿಕಾರರ ಕೂಸು, ಇಲ್ಲಿನ ಕಾಡಿನ ಗೌಳಿಗರ ಕೂಸು, ಸಿದ್ದಿಯರ ಕೂಸು ಯಾರ ಅಳತೆಯಲ್ಲಿವೆ? ಅಮೆರಿಕದ ಬ್ರೋಸ್ಲೊ ಟೇಪನ್ನೇ ನೋಡಿ. ಮಗುವಿನ ಉದ್ದ ಅಳೆದು ತೂಕ ಅಂದಾಜಿಸುವ ಬಣ್ಣದ ಪಟ್ಟಿ ಅದು. 2008ರಲ್ಲಿ ಭಾರತದ ಮಕ್ಕಳ ಮೇಲೆ ಪರೀಕ್ಷಿಸಿದಾಗ, 10 ಕಿಲೋ ದಾಟಿದ ಮಕ್ಕಳ ತೂಕವನ್ನು ಅದು ಶೇ. 10ಕ್ಕಿಂತ ಹೆಚ್ಚು ತೋರಿಸಿತು. ಹಸಿವಿನಿಂದ ಸೊರಗಿದ ಮೈಗೆ ಉಂಡುಬೆಳೆದ ಮೈಯ ಡೋಸು! ಅದೇ ಅಳತೆಯನ್ನು ಕನ್ನಡಕದೊಳಗೆ ತುಂಬಿದರೆ ಅದೇ ತಪ್ಪು ಇನ್ನಷ್ಟು ಬೇಗ ಆಗುತ್ತದೆ, ಅಷ್ಟೇ.

ಹಾವಿನ ವಿಷಯಕ್ಕೆ ಬನ್ನಿ. ಕಚ್ಚುವ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಅದಕ್ಕೇ ಪ್ರತಿವಿಷ ಮಕ್ಕಳಿಗೂ ದೊಡ್ಡವರಷ್ಟೇ ಬೇಕು; ಅಲ್ಲಿ ತೂಕದ ಲೆಕ್ಕ ಹಾಕಿದರೆ ಕೂಸು ಹೋಗುತ್ತದೆ. ಗದ್ದೆ, ಹುಲ್ಲುಬಣವೆ, ಕತ್ತಲ ಹಾದಿಯ ನಮ್ಮ ಸೀಮೆಗೆ ಬೇಕಾದ ಮೊದಲ ಪಾಠ ಇದು. ಪ್ರತಿವಿಷದ ಬಾಟಲಿಯೇ ಇಲ್ಲದ ದವಾಖಾನೆಯಲ್ಲಿ ಕನ್ನಡಕ ಏನನ್ನು ತೋರಿಸಬೇಕು?

ದವಾಖಾನೆ ಮುಟ್ಟಲು ದಾರಿಯೂ ಬೇಕು. 2024ರ ಜುಲೈಯಲ್ಲಿ ಇದೇ ತಾಲೂಕಿನ ಆಮಗಾಂವದ ಕಾಯಿಲೆಬಿದ್ದ ಹೆಣ್ಣುಮಗಳೊಬ್ಬಳನ್ನು ಊರವರು ಮಳೆಯಲ್ಲಿ ಹೆಗಲ ಮೇಲೆ ಹೊತ್ತು ತಂದರು. ಆಂಬ್ಯುಲೆನ್ಸ್ ಹೋಗಲು ದಾರಿ ಇರಲಿಲ್ಲ. ಬೆಳಗಾವಿಯ ಸುವರ್ಣಸೌಧದಲ್ಲಿ ಚಳಿಗಾಲಕ್ಕೊಮ್ಮೆ ಅಧಿವೇಶನ ಕೂಡುವವರೇ, ಜನವರಿ 26ಕ್ಕೆ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಹಾರ ಹಾಕುವವರೇ, ಆ ದಾರಿ ನಿಮ್ಮ ಯಾವ ಕಡತದಲ್ಲಿದೆ?

ಸಮುದಾಯ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ತಜ್ಞ ಇರಲೇಬೇಕೆಂದು ಸರ್ಕಾರದ್ದೇ ಮಾನದಂಡ ಹೇಳುತ್ತದೆ. ಆ ಹುದ್ದೆಯ ಬದಲಿಗೆ ಕನ್ನಡಕ ಕಳಿಸಿದರೆ ನಾವು ಒಪ್ಪುವುದಿಲ್ಲ. ಡಾಕ್ಟರ ಕೈಗೆ, ನರ್ಸಮ್ಮನ ಕೈಗೆ, ನೆಟ್‌ವರ್ಕ್ ಇಲ್ಲದಲ್ಲೂ ಕನ್ನಡದಲ್ಲಿ ನಡೆಯುವಂತೆ ಕೊಟ್ಟರೆ ತಲೆಯ ಮೇಲಿಟ್ಟುಕೊಳ್ಳುತ್ತೇವೆ. ಅಳತೆ ಎಲ್ಲಿಂದ ತರುವುದೆಂದು ಕೇಳಬೇಡಿ. ಅಂಗನವಾಡಿ ಕಾರ್ಯಕರ್ತೆಯರು ತಿಂಗಳು ತಿಂಗಳೂ ನಮ್ಮ ಕೂಸುಗಳ ತೂಕ, ಎತ್ತರ ಬರೆದು ನಿಮ್ಮ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಕಳಿಸುತ್ತಲೇ ಇದ್ದಾರೆ. ಅದನ್ನು ತೆರೆಯಿರಿ. ಆ ಅಂಕಿಗಳಿಂದಲೇ ಕನ್ನಡಕ ಕಟ್ಟಿಸಿ, ಮೊದಲ ಪರೀಕ್ಷೆ ಖಾನಾಪುರದಲ್ಲಿ ಮಾಡಿ.