ಬಿಬಿ ಹೋಗಿದೆ ಸಾರ್, ಹೊಸ ಸೈಕಲ್ಲೇ ತಗೊಳ್ಳಿ!

ಅಪ್ಪನ ಸೈಕಲ್ಲು 'ಕಟಕ್' ಅನ್ನೋಕೆ ಶುರು ಮಾಡಿ ಎರಡು ವರ್ಷವಾಗಿತ್ತು. ಪೆಡಲ್ ಒಂದು ಸುತ್ತು ಬಂದರೆ ಒಂದು ಕಟಕ್. ಅಮ್ಮನಿಗೆ ಅದರಿಂದ ಅನುಕೂಲವೇ ಆಗಿತ್ತು ಬಿಡಿ, ಬೀದಿ ತಿರುವಿನಲ್ಲಿ ಸದ್ದು ಕೇಳಿದ ಕೂಡಲೇ ಕಾಫಿಗೆ ಇಟ್ಟರೆ ಸರಿಯಾಗ್ತಿತ್ತು. ಆದರೆ ಈ ಸಲ ಊರಿಗೆ ಹೋದಾಗ ಬಲಗಡೆ ಪೆಡಲ್ ಹಿಡಿದು ಅಲ್ಲಾಡಿಸಿ ನೋಡಿದೆ. ಕ್ರ್ಯಾಂಕು, ಚೈನ್ ವೀಲು ಎಲ್ಲಾ ಒಟ್ಟಿಗೆ ಓಲಾಡ್ತಿತ್ತು. ಚೈನು ದಿನಕ್ಕೆ ಎರಡು ಸಲ ಬೀಳುತ್ತಂತೆ. ಅಪ್ಪನಿಗೆ ಎಪ್ಪತ್ತಾರು. ತೋಟಕ್ಕೆ ಹೋಗೋ ದಾರಿಯಲ್ಲಿ ಚೈನ್ ಬಿದ್ದು ಮುಗ್ಗರಿಸಿದರೆ ಎತ್ತಿ ಕೂರಿಸೋಕೂ ಯಾರಿರಲ್ಲ.

ನಮ್ಮೂರು ಇರೋದು ಹೊಸದುರ್ಗ ರೋಡ್ ಸ್ಟೇಷನ್ ಕಡೆ. (ಸ್ಟೇಷನ್ ಹೆಸರು ನಂಬಿ ರೈಲಿಳಿದವರಿಗೆ ಗೊತ್ತು, ಹೊಸದುರ್ಗ ಅಲ್ಲಿಂದ ಇನ್ನೂ ಎಷ್ಟು ದೂರ ಅಂತ!) ಅಪ್ಪ ಕಾಯಂ ಹೋಗ್ತಿದ್ದ ಸೈಕಲ್ ಶಾಪ್ ಈಗಿಲ್ಲ. ಅವರ ಮಗ ಅದೇ ಮಳಿಗೆಯಲ್ಲಿ ಮೊಬೈಲ್ ಕವರ್ ಮಾರ್ತಾನೆ. ಹಾಗಾಗಿ ಟೌನಿನ ಇನ್ನೊಂದು ಅಂಗಡಿಗೆ ಒಯ್ದೆ. ಬಣ್ಣಬಣ್ಣದ ಮಕ್ಕಳ ಸೈಕಲ್ ನೇತುಹಾಕಿದ್ದರು. ಹುಡುಗ ಒಮ್ಮೆ ಕಾಲಲ್ಲಿ ತಟ್ಟಿ ನೋಡಿ ಹೇಳಿದ್ದೇ ಈ ಬರಹದ ತಲೆಬರಹ.

ಬಿಬಿ ಅಂದರೆ ಬಾಟಮ್ ಬ್ರಾಕೆಟ್. ಎರಡು ಪೆಡಲ್‌ಗಳ ನಡುವೆ, ಫ್ರೇಮಿನ ತಳದಲ್ಲಿ ಅಡ್ಡಕ್ಕೆ ಇರೋ ಗಿಡ್ಡ ಕೊಳವೆ ಇದೆಯಲ್ಲ, ಅದರೊಳಗಿನ ಸಂಸಾರ. ಒಂದು ಆಕ್ಸಲ್ಲು, ಎರಡು ಬದಿಗೆ ಎರಡು ಕಪ್ಪು, ಬದಿಗೆ ಹನ್ನೊಂದರಂತೆ ಕಾಲಿಂಚಿನ ಬಾಲ್ಸು ಇಪ್ಪತ್ತೆರಡು. ಆಕ್ಸಲ್ಲಿಗೆ ಕ್ರ್ಯಾಂಕ್ ಕೂರಿಸೋದು ಕಾಟರ್ ಪಿನ್. ಇಷ್ಟೇ. ನಾವು ತುಳಿಯೋ ಭಾರವೆಲ್ಲ ಬೀಳೋದು ಈ ಇಪ್ಪತ್ತೆರಡು ಗುಂಡುಗಳ ಮೇಲೆ.

ಬೇಡ ಅಂದರೂ ಹುಡುಗ ಬಿಚ್ಚೋಕೆ ಕೂತ. ಪಿನ್ನಿಗೆ ಸುತ್ತಿಗೆಯಿಂದ ಬಾರಿಸಿದ, ಅದು ಬಾಗಿ ಕೂತಿತು. ಆಮೇಲೆ ಬಲಗಡೆ ಕಪ್ಪಿಗೆ ಉಳಿ ಇಟ್ಟು ಬಡಿದ... ಬಡಿದ... ಅದು ಇನ್ನೂ ಬಿಗಿಯಾಯ್ತು. ಕೊನೆಗೆ ಕೈಚೆಲ್ಲಿ, ಇದು ತುಕ್ಕು ಹಿಡಿದು ಅಂಟಿಕೊಂಡಿದೆ ಸಾರ್ ಅಂದ. ಅಂಟಿಕೊಂಡಿರಲಿಲ್ಲ. ಅವನು ಬಿಗಿ ಮಾಡ್ತಿದ್ದ, ಅಷ್ಟೇ!

ಇದು ನನಗೂ ಆಮೇಲೆ ಗೊತ್ತಾಗಿದ್ದು. ಇಂಗ್ಲಿಷ್ ಅಳತೆಯ ಬಿಬಿಯಲ್ಲಿ ಬಲಗಡೆ, ಅಂದರೆ ಚೈನ್ ಇರೋ ಕಡೆಯ ಕಪ್ಪಿನ ಥ್ರೆಡ್ಡು ಉಲ್ಟಾ. ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಿದರೆ ಬಿಚ್ಚುತ್ತೆ. ಗುಂಡುಗಳು ಉರುಳ್ತಾ ಉರುಳ್ತಾ ಕಪ್ಪನ್ನು ಕೂದಲೆಳೆಯಷ್ಟೇ ತಿರುಗಿಸೋಕೆ ನೋಡ್ತಿರ್ತವೆ. ಮಾಮೂಲಿ ಥ್ರೆಡ್ ಇದ್ದರೆ ನಾವು ತುಳಿದಷ್ಟೂ ಅದು ಬಿಚ್ಚಿಕೊಳ್ತಾ ಹೋಗುತ್ತೆ, ಅದಕ್ಕೇ ಉಲ್ಟಾ. ಪೆಡಲ್‌ನಲ್ಲಿ ಎಡಗಡೆಯದು ಉಲ್ಟಾ, ಬಿಬಿಯಲ್ಲಿ ಬಲಗಡೆಯದು ಉಲ್ಟಾ. ನೂರು ವರ್ಷಕ್ಕೂ ಹಳೆಯ ಈ ವಿದ್ಯೆಯನ್ನು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪು ಅವನದು ಅಂತ ನನಗನ್ನಿಸಲ್ಲ.

ಅಕ್ಕ ಇರೋದು ಹಿರಿಯೂರಲ್ಲಿ. ಅವಳ ಮನೆ ಹತ್ತಿರ ಒಬ್ಬರು ಯಜಮಾನ್ರು ಇನ್ನೂ ಸೈಕಲ್ ರಿಪೇರಿ ಮಾಡ್ತಾರೆ ಅಂತ ಭಾವ ಹೇಳಿದರು. ತೆಂಗಿನಕಾಯಿ ಹೇರಿಕೊಂಡು ಹೊರಟ ಗಾಡಿಯ ಮೇಲೆ ಸೈಕಲ್ಲೂ ಹಿರಿಯೂರು ಸೇರಿತು. ಯಜಮಾನ್ರು ಪಿನ್ ಮೇಲಿನ ಸುತ್ತಿಗೆ ಗುರುತು ನೋಡಿ, "ಯಾರಪ್ಪ ಇದು, ಕಾಯಿ ಒಡ್ದಂಗೆ ಒಡ್ದವ್ರೆ" ಅಂದರು.

ಅವರು ಬಿಚ್ಚಿದ ರೀತಿ ಹೇಳಲೇಬೇಕು. ಕ್ರ್ಯಾಂಕಿನ ಕೆಳಗೆ, ಪಿನ್ನು ಹೊರಬರೋ ಜಾಗ ಬಿಟ್ಟು, ಒಂದು ದಪ್ಪ ಕಬ್ಬಿಣದ ಪೈಪನ್ನ ನೆಲದಿಂದ ಆಸರೆ ಕೊಟ್ಟು ನಿಲ್ಲಿಸಿದರು. ನಟ್ಟನ್ನು ಪಿನ್ನಿನ ತುದಿಗೆ ಸಮ ಬರೋವಷ್ಟು ಸಡಿಲಿಸಿದರು. ಮತ್ತೆ ಒಂದೇ ಏಟು. ಪಿನ್ ಹೊರಗೆ! ಆಸರೆ ಇಲ್ಲದೆ ಹೊಡೆದರೆ ಏಟೆಲ್ಲ ಒಳಗಿನ ಬಾಲ್ಸಿಗೆ ಬಿದ್ದು ಕಪ್ಪಲ್ಲಿ ಗುಳಿ ಬೀಳುತ್ತೆ ಅಂದರು. ಕಪ್ ತೆಗೆದು ತೋರಿಸಿದಾಗ ಅಂಗೈಯಲ್ಲಿ ಕಪ್ಪು ರಾಡಿ, ಅದರಲ್ಲಿ ಏಳೋ ಎಂಟೋ ಗುಂಡು. ಉಳಿದವು ಪುಡಿ. ರಾಡಿಯ ಮೂಲವನ್ನೂ ಕಂಡುಹಿಡಿದರು, ಕೊಬ್ಬರಿ ಎಣ್ಣೆ! ಕಟಕ್ ಅಂದಾಗಲೆಲ್ಲ ಅಪ್ಪ ಆಯಿಲ್ ಹಾಕೋ ತೂತಿಗೆ ಮನೆಯ ಎಣ್ಣೆಯನ್ನೇ ಹುಯ್ಯುತ್ತಿದ್ದರು. ಅದು ಧೂಳು ಕಟ್ಟಿಕೊಂಡು ಅಂಟಾಗಿದೆ. ನಾನೂ ಕಮ್ಮಿಯಿಲ್ಲ. ಪ್ರತಿ ಆಯುಧಪೂಜೆಗೆ ಬೋರ್ ಪೈಪ್ ಹಿಡಿದು ತೊಳೆದು, ಕುಂಕುಮ ಇಟ್ಟು, ಒಳಗೆ ನೀರು ಕಳಿಸಿ ಊರಿಗೆ ವಾಪಸ್ ಹೋಗೋನು ನಾನೇ. ಚಿಕ್ಕವನಿದ್ದಾಗ ಅಂಗಡಿಯವರು 'ಓವರಾಯಿಲಿಂಗ್' ಅಂತಿದ್ದಿದ್ದನ್ನ ಜಾಸ್ತಿ ಎಣ್ಣೆ ಹಾಕೋದು ಅಂದುಕೊಂಡಿದ್ದೆ. ಅಪ್ಪ ಈಗಲೂ ಹಾಗೇ ಅಂದುಕೊಂಡಿದ್ದಾರೆ :)

ಎಲ್ಲಾ ಒಟ್ಟಿಗೇ ಬದಲಾಯಿಸಬೇಕು ಅಂದರು. ಬರೀ ಬಾಲ್ಸ್ ಹಾಕಿದರೆ ಗುಳಿ ಬಿದ್ದ ಕಪ್ಪು ಅವನ್ನೂ ತಿನ್ನುತ್ತೆ. ಸಾಮಾನು ಅವರ ಹತ್ತಿರ ಇರಲಿಲ್ಲ. ಹಳೇ ಆಕ್ಸಲ್ಲು, ಕಪ್ಪು ಪೇಪರಲ್ಲಿ ಸುತ್ತಿ ನನ್ನ ಕೈಗಿಟ್ಟು, "ಇದ್ನ ತೋರ್ಸಿ ತಗಂಬಾ ತಮ್ಮ" ಅಂದರು. ಚಿತ್ರದುರ್ಗದಲ್ಲಿ ಕಪ್ಪು, ಬಾಲ್ಸು, ಪಿನ್ನು ಸಿಕ್ಕವು, ಆಕ್ಸಲ್ಲು ಗಿಡ್ಡ. ಆಕ್ಸಲ್ ಉದ್ದ ತಪ್ಪಿದರೆ ಚೈನ್ ವೀಲ್ ಫ್ರೇಮಿಗೆ ಉಜ್ಜುತ್ತೆ. ಅದು ಸಿಕ್ಕಿದ್ದು ಹೊಳಲ್ಕೆರೆಯಲ್ಲಿ, ಎಣ್ಣೆ ಕಾಗದ ಸುತ್ತಿದ್ದು, ಅಂಗಡಿಯವರೇ ಮರೆತಿದ್ದ ಡಬ್ಬದಲ್ಲಿ. ಅಲ್ಲಿಗೆ ನಾಲ್ಕು ತಾಲೂಕು ಆಯ್ತು!

ಹೊಸ ಸೈಕಲ್ ತಗೊಳ್ಳಿ ಅನ್ನೋದಕ್ಕೆ ನನ್ನ ತಕರಾರು ಇಲ್ಲಿದೆ. ನಲವತ್ತು ವರ್ಷ ದಾಟಿದ ಸೈಕಲ್ಲಿಗೆ ಸಾಮಾನು ಸಿಗಲ್ಲ ಅಂತಾರೆ. ಸಿಕ್ಕಿತು. ಯಾಕೆ? 1.37 ಇಂಚು ಅಗಲ, ಇಂಚಿಗೆ 24 ಥ್ರೆಡ್ಡು ಅನ್ನೋ ಆ ಅಳತೆ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. (ರಾಲಿ ತನ್ನ ಎಷ್ಟೋ ಸೈಕಲ್‌ಗಳಿಗೆ 26 ಥ್ರೆಡ್ ಇಟ್ಟಿತ್ತು, ಅದಕ್ಕೇ ಹಳೇ ಕಪ್ ಜೊತೆಯಲ್ಲಿರಬೇಕು.) 1951ರಲ್ಲಿ ಶುರುವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಅಷ್ಟಕ್ಕೆಲ್ಲ ದೇಶದ ಅಟ್ಲಾಸ್‌ಗಳು ನಿಂತುಹೋಗಲಿಲ್ಲ. ಕಾರ್ಖಾನೆ ಮುಚ್ಚಿದರೂ ಅಳತೆ ಉಳೀತು.

ಹಾಗಂತ ಹಳೆಯದೇ ಚೆಂದ ಅನ್ನೋ ಗುಂಪಿನವನಲ್ಲ ನಾನು. ಚಿತ್ರದುರ್ಗದಲ್ಲಿ ನಾನು ಓಡಿಸೋ ಗೇರ್ ಸೈಕಲ್ಲಿನ ಬಿಬಿ ಸೀಲ್ಡ್ ಕಾರ್ಟ್ರಿಜ್. ನಮ್ಮ ಬಯಲುಸೀಮೆ ಧೂಳಿಗೆ ಅದೇ ಸರಿ, ಬಿಗಿ ಸಡಿಲ ಅನ್ನೋ ರಗಳೆಯೇ ಇಲ್ಲ. ಆದರೆ ಅದು ಹೋದಾಗ ತೆಗೆಯೋಕೆ ಹಲ್ಲು ಹಲ್ಲಿನ ವಿಶೇಷ ಟೂಲ್ ಬೇಕಾಯ್ತು, ಬೆಂಗಳೂರಿಂದ ಬರೋಕೆ ಮೂರು ವಾರ. ನನಗೆ ಅದು ಭಾನುವಾರದ ಶೋಕಿ, ಕಾಯ್ದೆ. ಬೆಳಿಗ್ಗೆ ಐದಕ್ಕೆ ಡೈರಿಗೆ ಹಾಲು ಒಯ್ಯೋನು ಮೂರು ವಾರ ಕಾಯ್ತಾನಾ?

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಒಳ್ಳೇ ಕೆಲಸ, ಅದರಿಂದ ಹೈಸ್ಕೂಲ್ ಮೆಟ್ಟಿಲು ಹತ್ತಿದ ಹುಡುಗಿಯರು ನಮ್ಮೂರಲ್ಲೇ ಇದ್ದಾರೆ. ಕೋವಿಡ್ ವರ್ಷದಲ್ಲಿ ಅದು ನಿಂತಿತು. ಆಗ ಕೊಟ್ಟ ಎಷ್ಟೋ ಸೈಕಲ್ಲುಗಳು ಹಿತ್ತಿಲ ಗೋಡೆಗೆ ಒರಗಿವೆ. ನಾನು ಮುಟ್ಟಿ ನೋಡಿದ ನಾಲ್ಕರಲ್ಲಿ ಮೂರರದ್ದು ಬರೀ ಬಿಬಿ ಸಡಿಲ. ಸೈಕಲ್ ಜೊತೆ ಒಂದು ಸ್ಪ್ಯಾನರ್ ಕೊಟ್ಟು, ಒಂದು ಶನಿವಾರ ಮಧ್ಯಾಹ್ನ ಬಿಚ್ಚಿ ಜೋಡಿಸೋದು ಹೇಳಿಕೊಟ್ಟಿದ್ದರೆ!

ನಮ್ಮ ಬುಡಕ್ಕೇ ಬರೋಣ. ಸಾಮಾನೆಲ್ಲ ಸೇರಿ 310 ರೂಪಾಯಿ ಆಯ್ತು. ಯಜಮಾನ್ರು ಎರಡು ಗಂಟೆ ಕೂತು, ಪಿನ್ನನ್ನು ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಿ (ಎರಡು ಪಿನ್ನೂ ಎದುರುಬದುರು ಮುಖ ಮಾಡಿರಬೇಕು, ಇಲ್ಲಾಂದ್ರೆ ಪೆಡಲ್‌ಗಳು ಒಂದೇ ಗೆರೆಗೆ ಬರಲ್ಲ), ಗ್ರೀಸ್ ತುಂಬಿ, ಎಡಗಡೆ ಕಪ್ಪನ್ನು ಅಲ್ಲಾಡದ ಹಾಗೆ, ಆದರೆ ಹಿಡಿಯದ ಹಾಗೆ ನಿಲ್ಲಿಸಿ ಲಾಕ್ ರಿಂಗ್ ಬಿಗಿ ಮಾಡಿ, ಕೂಲಿ ಕೇಳಿದ್ದು 120. ಭಾವ ಪಕ್ಕದಿಂದ "ನೂರು ಮಾಡ್ಕೊಳ್ಳಿ" ಅಂದರು. ಅದೇ ಭಾವ ಹಿಂದಿನ ವಾರ ಬೈಕ್ ಸರ್ವೀಸಿಗೆ 1,800 ಬಿಲ್ಲು ತುಟಿ ಪಿಟಕ್ಕನ್ನದೆ ಕಟ್ಟಿದ್ದರು. ಆ ಹೊಸದುರ್ಗದ ಮಗ ಮೊಬೈಲ್ ಕವರ್ ಮಾರೋಕೆ ಹೋಗದೆ ಇನ್ನೇನು ಮಾಡಬೇಕಿತ್ತು ಹೇಳಿ? ನಾನು 300 ಕೊಟ್ಟೆ. ಯಜಮಾನ್ರು ಬೇಡ ಅಂದರು, ಭಾವ ಇವತ್ತಿಗೂ ನನ್ನನ್ನ ದಡ್ಡ ಅಂತಾರೆ.

ಸೈಕಲ್ ಊರು ಸೇರಿದೆ, ಕಟಕ್ ಇಲ್ಲ. ವಾರ ಬಿಟ್ಟು ಕಾಟರ್ ಪಿನ್ನಿನ ನಟ್ಟು ಇನ್ನೊಮ್ಮೆ ಬಿಗಿ ಮಾಡಬೇಕು ಅಂತ ಯಜಮಾನ್ರು ಹೇಳಿದ್ದರು. ಸ್ಪ್ಯಾನರ್ ಊರಲ್ಲೇ ಬಿಟ್ಟು ಬಂದಿದ್ದೀನಿ. ನಿನ್ನೆ ಅಪ್ಪ ಫೋನ್ ಮಾಡಿದ್ದರು, ಬಿಗಿ ಮಾಡೋದು ಯಾವ ಕಡೆಗೆ ಅಂತ ಕೇಳೋಕೆ.