ಕಿತ್ತು ಹಗುರ ಮಾಡುವಾಗ ಕನ್ನಡವೂ ಹೋದರೆ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದು ಯಾವ ಕಂಪ್ಯೂಟರೂ ಬಂದ್ ಆಗಲಿಲ್ಲ. ಭಾಲ್ಕಿಯ ಝೆರಾಕ್ಸ್ ಅಂಗಡಿ, ಔರಾದಿನ ಟೈಪಿಂಗ್ ಕೇಂದ್ರ, ಬೀದರಿನ ಕಾಲೇಜು ಲ್ಯಾಬ್‌ಗಳಲ್ಲಿ ಮರುದಿನವೂ ಎಂದಿನಂತೆ ಕೆಲಸ ನಡೆಯಿತು. ಹಾಗಾಗಿ ಇದು ನಮ್ಮಲ್ಲಿ ದೊಡ್ಡ ಚರ್ಚೆಯಾಗಲೇ ಇಲ್ಲ. ಆದರೆ ಭದ್ರತಾ ಅಪ್‌ಡೇಟ್ ಇಲ್ಲದ ಕಂಪ್ಯೂಟರ್ ಬೀಗ ಹಳತಾದ ಮನೆಯಿದ್ದಂತೆ. ಕಳ್ಳ ಬರುವವರೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೆಸರು ನೋಂದಾಯಿಸಿದವರಿಗೆ ಕಂಪನಿ ಕೊಟ್ಟ ಹೆಚ್ಚುವರಿ ಅವಧಿಯೂ 2026ರ ಅಕ್ಟೋಬರ್ 13ರವರೆಗೆ ಮಾತ್ರ.

ಹಾಗಾದರೆ ವಿಂಡೋಸ್ 11 ಹಾಕಿಕೊಂಡರಾಯಿತಲ್ಲ? ಅದಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯದ್ದಾಗಿರಬೇಕು. ಅಂದರೆ 2017ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳು ಲೆಕ್ಕಕ್ಕಿಲ್ಲ. ಜಗತ್ತಿನಾದ್ಯಂತ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಹೀಗೆ ಗುಜರಿ ಸೇರಬಹುದು ಎಂದು ಕೆನಾಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡು ಓದುವ ನಮ್ಮಂಥವರಿಗೆ ಅಂಗಡಿಯವರು ಹೇಳುವುದು ಒಂದೇ ಮಾತು: ‘ಮಷಿನ್ ಮುದಿ ಆಗ್ಯಾದ, ಹೊಸಾದು ತಗೋರಿ.’

ಈ ಹಂತದಲ್ಲಿ ಹುಡುಗರು ಯೂಟ್ಯೂಬ್ ಕಡೆ ತಿರುಗುತ್ತಾರೆ. ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬೇಡದ್ದನ್ನೆಲ್ಲ ಕಿತ್ತು ಹಾಕಿ ಚಿಕ್ಕದು ಮಾಡುವ ವಿದ್ಯೆ ಅಲ್ಲಿ ಬೇಕಾದಷ್ಟಿದೆ. ಇದು ಒಳ್ಳೆಯ ಹವ್ಯಾಸವೇ. ಕಂಪ್ಯೂಟರ್ ಓದುವವರು ಒಮ್ಮೆಯಾದರೂ ಮಾಡಿ ನೋಡಬೇಕು. ಯಂತ್ರದ ಭಾಗಗಳನ್ನೆಲ್ಲ ಮಾತನಾಡಿಸುವ ಕರ್ನಲ್ ಯಾವುದು, ಡ್ರೈವರ್ ಯಾವುದು, ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಯಾವುದು ಎಂಬುದು ಪಠ್ಯಪುಸ್ತಕಕ್ಕಿಂತ ಇದರಿಂದ ಚೆನ್ನಾಗಿ ತಿಳಿಯುತ್ತದೆ. ನನ್ನ ತಕರಾರು ಬೇರೆ. ಚಿಕ್ಕದು ಮಾಡುವವರು ‘ಬೇಡದ್ದು’ ಎಂದು ಯಾವುದನ್ನು ಕರೆಯುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಟೈನಿ ಕೋರ್ ಲಿನಕ್ಸ್ ಉದಾಹರಣೆ ನೋಡಿ. ಪರದೆ, ಮೌಸ್, ಕಿಟಕಿಗಳೆಲ್ಲ ಇರುವ ಪೂರ್ತಿ ಡೆಸ್ಕ್‌ಟಾಪ್ ಸುಮಾರು 23 ಎಂಬಿ! ವಾಟ್ಸ್‌ಆ್ಯಪ್‌ನಲ್ಲಿ ಬರುವ ಮದುವೆ ವಿಡಿಯೊ ಇದಕ್ಕಿಂತ ದೊಡ್ಡದಿರುತ್ತದೆ. ವಿಂಡೋಸ್ 11 ಕಡತವನ್ನು ಇಳಿಸಿಕೊಳ್ಳಲು ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವವರಿಗೆ ಹಲವು ದಿನ ಬೇಕು. ಇದಕ್ಕೆ ಕೆಲವು ನಿಮಿಷ ಸಾಕು. ಆದರೆ ಆ 23 ಎಂಬಿ ತಂತಿಯ ನೆಟ್‌ವರ್ಕ್ ಇರುವವರಿಗೆಂದು ಮಾಡಿದ್ದು. ವೈಫೈ ಬೇಕೆಂದರೆ, ಅಮೆರಿಕದ ಇಂಗ್ಲಿಷ್ ಕೀಲಿಮಣೆಯಲ್ಲದೆ ಬೇರೆಯದು ಬೇಕೆಂದರೆ, ಅದೇ ತಂಡ ಕೊಡುವ ಕೋರ್‌ಪ್ಲಸ್ ಎಂಬ ದೊಡ್ಡ ಆವೃತ್ತಿಗೆ ಹೋಗಬೇಕು. ಅದು 240 ಎಂಬಿಗೂ ಹೆಚ್ಚು. ಹತ್ತು ಪಟ್ಟು ಬೆಳೆದರೂ ಅದರಲ್ಲಿ ಸಿದ್ಧವಾಗಿ ಕೂತಿರುವ ಕನ್ನಡ ಟೈಪಿಂಗ್ ಇಲ್ಲ. ತಪ್ಪು ಅವರದಲ್ಲ. ಅವರು ತಮಗೆ ಬೇಕಾದ ಕನಿಷ್ಠವನ್ನು ಕಟ್ಟಿಕೊಂಡಿದ್ದಾರೆ, ಅದು ನಮ್ಮ ಕನಿಷ್ಠ ಅಲ್ಲ, ಅಷ್ಟೇ.

ವಿಂಡೋಸ್ ಕಡೆಯ ಕಥೆ ಇನ್ನೂ ಬಿಗಿ. ಟೈನಿ11 ಎಂಬ ಸ್ಕ್ರಿಪ್ಟ್ ವಿಂಡೋಸ್ 11ರಿಂದ ಎಡ್ಜ್, ಒನ್‌ಡ್ರೈವ್, ಎಕ್ಸ್‌ಬಾಕ್ಸ್ ಮುಂತಾದವನ್ನು ತೆಗೆದು ಹಗುರ ಮಾಡುತ್ತದೆ. ಅಲ್ಲಿಗೆ ಪರವಾಗಿಲ್ಲ. ಅದರದ್ದೇ ‘ಕೋರ್’ ಎಂಬ ಇನ್ನೂ ಚಿಕ್ಕ ರೂಪದಲ್ಲಿ ಅಪ್‌ಡೇಟ್ ವ್ಯವಸ್ಥೆ ಮತ್ತು ಡಿಫೆಂಡರ್ ಕೂಡ ಇರುವುದಿಲ್ಲ. ಒಮ್ಮೆ ತಯಾರಾದ ಮೇಲೆ ಹೊಸ ಭಾಷೆ, ಹೊಸ ಸೌಲಭ್ಯ ಏನನ್ನೂ ಸೇರಿಸಲು ಬರುವುದಿಲ್ಲ, ದಿನಬಳಕೆಗೆ ಇದು ಸಲ್ಲದು ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಆದರೂ ಜನ ಹಾಕಿಕೊಳ್ಳುತ್ತಾರೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಇಲ್ಲಿ ಆ ಜಾಣತನಕ್ಕೂ ಜಾಗವಿಲ್ಲ, ಒಳಗೆ ಹೋಗುವ ಬಾಗಿಲನ್ನೇ ಕಿತ್ತಿರುತ್ತಾರೆ. ಇನ್ನು ಯಾರೋ ಕಿತ್ತು ಕೊಟ್ಟ ಸಿದ್ಧ ಕಡತವನ್ನು ಟೆಲಿಗ್ರಾಂನಿಂದ ಇಳಿಸಿಕೊಂಡು ಅದರಲ್ಲೇ ಬ್ಯಾಂಕಿನ ಪಾಸ್‌ವರ್ಡ್ ಹಾಕುವವರಿಗೆ ಏನು ಹೇಳುವುದು! ತೆಗೆದವರು ಏನು ತೆಗೆದರು ಎನ್ನುವುದಿರಲಿ, ಏನು ಸೇರಿಸಿದರು ಎಂಬುದೂ ನಮಗೆ ತಿಳಿಯದು.

ಕನ್ನಡವನ್ನು ಬಿಟ್ಟರೆ ಎಷ್ಟು ಜಾಗ ಉಳಿಯುತ್ತದೆ? ಲೋಹಿತ್ ಕನ್ನಡದಂಥ ಒಂದು ಯೂನಿಕೋಡ್ ಫಾಂಟ್ ಒಂದು ಎಂಬಿಯನ್ನೂ ತಲುಪುವುದಿಲ್ಲ. ಡೆಬಿಯನ್ ಲಿನಕ್ಸ್‌ನ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಫಾಂಟ್‌ಗಳಿವೆ. ಐಬಸ್ ಮತ್ತು ಎಂ17ಎನ್ ಎಂಬ ಎರಡು ಸಣ್ಣ ಸಾಫ್ಟ್‌ವೇರ್ ಸೇರಿಸಿದರೆ ಕೆ.ಪಿ. ರಾವ್ ವಿನ್ಯಾಸದ, ನಾವು ನುಡಿಯಲ್ಲಿ ಬಳಸುವ ಅದೇ ಕೀಲಿಮಣೆ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇಷ್ಟೇ ಸಾಲದು. ಔರಾದ್ ಕಡೆ ಮರಾಠಿ ಬೇಕು, ಬೀದರ್ ನಗರದಲ್ಲಿ ಬಲದಿಂದ ಎಡಕ್ಕೆ ಹೋಗುವ ಉರ್ದು ಬೇಕು. ಒಂದೇ ಅಂಗಡಿಯ ಒಂದೇ ಯಂತ್ರದಲ್ಲಿ ಬೆಳಗ್ಗೆ ಕನ್ನಡದ ಅರ್ಜಿ, ಮಧ್ಯಾಹ್ನ ಉರ್ದು ಲಗ್ನಪತ್ರಿಕೆ ಆಗಬೇಕು. ಮೂರೂ ಲಿಪಿ ಸೇರಿದರೂ ನಮ್ಮ ಫೋನಿನ ಕೆಲವು ಫೋಟೊಗಳಷ್ಟು ಜಾಗ.

ಏನನ್ನು ಉಳಿಸಬೇಕು ಎಂದು ಮೊದಲೇ ತೀರ್ಮಾನಿಸಿ ಕಟ್ಟಿದ ವ್ಯವಸ್ಥೆ ನೋಡಬೇಕಾದರೆ ಕಾಸರಗೋಡಿನ ಕಡೆ ತಿರುಗಬೇಕು. ಕೇರಳದ ಸರ್ಕಾರಿ ಸಂಸ್ಥೆ ಕೈಟ್, ಉಬುಂಟು ಆಧಾರದ ಮೇಲೆ ಶಾಲೆಗಳಿಗಾಗಿಯೇ ಒಂದು ಲಿನಕ್ಸ್ ಸಿದ್ಧಪಡಿಸುತ್ತದೆ. 2024ರಲ್ಲಿ ಅದರ 22.04 ಆವೃತ್ತಿ ಬಂತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅವರು ಕಲಿಯುವುದೂ ಈ ಲಿನಕ್ಸ್ ಮೇಲೆಯೇ. ಗಾತ್ರದಲ್ಲಿ ಅದು ಚಿಕ್ಕದೇನಲ್ಲ, ಪಾಠಕ್ಕೆ ಬೇಕಾದ ಸಾಫ್ಟ್‌ವೇರ್ ತುಂಬಿದ್ದಾರೆ. ಆದರೆ ಪಟ್ಟಿ ಮಾಡಿದವರು ತರಗತಿಯನ್ನು ಬಲ್ಲವರು. ನಮ್ಮ ರಾಜ್ಯವೂ 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಕಿಯೋನಿಕ್ಸ್ ಮೂಲಕ ‘ಕಿಯೊ’ ಎಂಬ ಲಿನಕ್ಸ್ ಆಧಾರಿತ ಪುಟ್ಟ ಕಂಪ್ಯೂಟರನ್ನು ಪರಿಚಯಿಸಿತು. ಸಂತೋಷ. ಆದರೆ ಅದು ಹೊಸ ಯಂತ್ರ, ಹೊಸ ಖರ್ಚು. ಲ್ಯಾಬ್‌ನಲ್ಲಿ ಈಗಾಗಲೇ ಇರುವ ಹಳೆಯ ಯಂತ್ರಗಳಿಗೆ ಹೊಂದುವ ಒಂದು ಹಗುರ ಕನ್ನಡ ಲಿನಕ್ಸನ್ನು ಕಾಲೇಜು ಶಿಕ್ಷಣ ಇಲಾಖೆ ಸಿದ್ಧಪಡಿಸಿಕೊಟ್ಟರೆ ಖರ್ಚು ಅದಕ್ಕಿಂತ ಎಷ್ಟೋ ಕಡಿಮೆ.

ಕೆಲಸ ಹುಡುಕುವವರು ಒಂದು ಲೆಕ್ಕ ಹಾಕಿಕೊಳ್ಳಬೇಕು. ರಾಜ್ಯದಲ್ಲಿ ಸರ್ಕಾರಿ ನೌಕರಿ ಸಿಕ್ಕ ಮೇಲೂ 2012ರ ನಿಯಮದ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು. ಖಾಸಗಿ ಕಚೇರಿಗಳಲ್ಲಿ ಎಕ್ಸೆಲ್ ಕೇಳುತ್ತಾರೆ. ಹೀಗಿರುವಾಗ ಲಿನಕ್ಸ್ ಮಾತ್ರ ಕಲಿತರೆ ಸಾಕು ಎಂದು ನಾನು ಹೇಳಲಾರೆ. ಹಳೆಯ ಆಸ್ಕಿ ನುಡಿಯಲ್ಲಿ ಟೈಪ್ ಮಾಡಿದ ಕಡತಗಳು ಲಿನಕ್ಸ್‌ನಲ್ಲಿ ನೇರವಾಗಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಟೈಪಿಂಗ್ ಅಂಗಡಿ ನಡೆಸುವವರಿಗೆ ಇದು ಸಣ್ಣ ತೊಂದರೆಯಲ್ಲ.

ಇನ್ನೊಂದು ನಿಜ. ಆಪರೇಟಿಂಗ್ ಸಿಸ್ಟಮ್ ಎಷ್ಟೇ ಹಗುರವಾಗಲಿ, ಬ್ರೌಸರ್ ತೆರೆದ ಕೂಡಲೇ ಭಾರ ಮರಳಿ ಬರುತ್ತದೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪುಟ, ಕೆಇಎ ಅರ್ಜಿ, ಜೊತೆಗೊಂದು ವಿಡಿಯೊ ತೆರೆದಿಟ್ಟರೆ 2 ಜಿಬಿ ರ್‍ಯಾಮ್ ತಿಣುಕುತ್ತದೆ. ಅಂಥ ಯಂತ್ರಕ್ಕೆ ರ್‍ಯಾಮ್ ಹೆಚ್ಚಿಸಿ, ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ವೇಗ, ನೂರು ಎಂಬಿ ಕಿತ್ತು ಹಾಕಿದರೆ ಸಿಗದು. ತೀರಾ ಹಳೆಯ 32 ಬಿಟ್ ಯಂತ್ರಗಳ ಸ್ಥಿತಿ ಬೇರೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅವುಗಳ ಮೇಲೆ ಹೊಸದಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ.

ಕಾಲೇಜಿನಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ಹರಾಜಿಗೆ ಹಾಕುವ ಮಾತು ಬಂದರೆ ಒಂದು ಯಂತ್ರ ಕೇಳಿ ಪಡೆಯಿರಿ. ಹಗುರ ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ಎಷ್ಟು ಬೇಗ ಶುರುವಾಯಿತು ಎಂದು ಆಮೇಲೆ ಎಣಿಸೋಣ. ಮೊದಲು ಕನ್ನಡದ ಫಾಂಟ್, ಕೀಲಿಮಣೆ ಸೇರಿಸಿ ‘ಭಾಲ್ಕಿ’ ಎಂದು ಟೈಪ್ ಮಾಡಿ, ಲ-ಕಾರಕ್ಕೆ ಕ-ಕಾರದ ಒತ್ತು ಸರಿಯಾಗಿ ಕೂತಿತೇ ನೋಡಿ, ಲ್ಯಾಬಿನ ಪ್ರಿಂಟರ್‌ನಲ್ಲಿ ಒಂದು ಪ್ರತಿ ತೆಗೆಯಿರಿ.