ಬರ್ಲಿನ್ನಿನಲ್ಲಿ ಛತ್ರವಾಸ

ಒಬ್ಬಂಟಿಯಾಗಿ ಪರದೇಶಕ್ಕೆ ಹೊರಟವನನ್ನು ನಮ್ಮ ಬಂಧುವರ್ಗವು ಎರಡು ಪ್ರಶ್ನೆಗಳಿಂದ ಬೀಳ್ಕೊಡುತ್ತದೆ. "ಅಲ್ಲಿ ಊಟಕ್ಕೇನು ಮಾಡುತ್ತೀ?" ಎಂಬುದು ಒಂದು, "ಅಲ್ಲಿ ನಮ್ಮವರು ಯಾರಿದ್ದಾರೆ?" ಎಂಬುದು ಇನ್ನೊಂದು. ಬೇಸಗೆಯ ರಜೆಯಲ್ಲಿ ಜರ್ಮನಿಯ ರಾಜಧಾನಿ ಬರ್ಲಿನ್ನಿಗೆ ಹೊರಟಾಗ ಮೊದಲನೆಯ ಪ್ರಶ್ನೆಗೆ ಉತ್ತರವಾಗಿ ಸಾರಿನ ಪುಡಿಯ ಡಬ್ಬವನ್ನು ತೋರಿಸಿದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಧ್ಯಾಪಕನ ಸಂಬಳಕ್ಕೆ ಅಲ್ಲಿಯ ಹೋಟೆಲುಗಳು ನಿಲುಕುವಂಥವಲ್ಲ. ಆದುದರಿಂದ ಹಾಸ್ಟೆಲೊಂದರಲ್ಲಿ ಐದು ರಾತ್ರಿಗಳ ಮಟ್ಟಿಗೆ ಒಂದು ಹಾಸಿಗೆಯನ್ನು — ಕೋಣೆಯನ್ನಲ್ಲ, ಬರಿಯ ಹಾಸಿಗೆಯನ್ನು — ಕಾದಿರಿಸಿದ್ದೆ.

ಹಾಸ್ಟೆಲ್ ಎಂದೊಡನೆ ವಾಚಕರು ನಮ್ಮ ವಿದ್ಯಾರ್ಥಿನಿಲಯಗಳನ್ನು ನೆನೆಯಬಾರದು. ಇದು ದಾರಿಹೋಕರ ತಂಗುದಾಣ. ಒಂದು ಕೋಣೆ, ಅದರಲ್ಲಿ ರೈಲಿನ ಬೋಗಿಯಂತೆ ಒಂದರ ಮೇಲೊಂದು ಏರಿಸಿದ ಎಂಟು ಮಂಚಗಳು, ಗಂಟುಮೂಟೆಗೆ ಬೀಗ ಹಾಕಲು ಒಂದೊಂದು ಕಪಾಟು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಕಚೇರಿಯ ತರುಣಿ ನನ್ನ ಪಾಸ್‌ಪೋರ್ಟನ್ನು ನೋಡಿ, "ಮೇಲಿನ ಮಂಚವೋ, ಕೆಳಗಿನದೋ?" ಎಂದು ಮಾತ್ರ ಕೇಳಿದಳು. ನಾನು ಮೇಲಿನದನ್ನೇ ಆರಿಸಿಕೊಂಡೆ. ಕೆಳಗೆ ಮಲಗಿದ್ದ ಪೋಲೆಂಡಿನ ವೃದ್ಧರ ಗೊರಕೆಗೆ ಮೇಲಾಗಲಿ ಕೆಳಗಾಗಲಿ ಎಂಬ ಭೇದವಿಲ್ಲವೆಂದು ರಾತ್ರಿಯಷ್ಟೇ ತಿಳಿಯಿತು.

ಮರುದಿನ ಸಂಜೆ ನಾನು ಕಾಯಿಸಿದ ಸಾರಿನ ಪರಿಮಳಕ್ಕೆ ಆ ವೃದ್ಧರೂ, ಬ್ರೆಜಿಲ್ ದೇಶದ ಒಬ್ಬ ವಿದ್ಯಾರ್ಥಿಯೂ ಮೇಜಿನ ಬಳಿಗೆ ಬಂದರು. ಒಬ್ಬರಿಗೆ ಕೆಮ್ಮು ಬಂದಿತು. ಇನ್ನೊಬ್ಬನು ಮತ್ತೊಂದು ಲೋಟ ಕೇಳಿದನು. "ನಮ್ಮವರು ಯಾರಿದ್ದಾರೆ?" ಎಂಬ ಪ್ರಶ್ನೆಗೆ ಅಲ್ಪಸ್ವಲ್ಪ ಉತ್ತರ ದೊರೆತಂತಾಯಿತು.

ಇಂತಹ ತಂಗುದಾಣಗಳ ಕಲ್ಪನೆ ಹುಟ್ಟಿದ್ದೇ ಜರ್ಮನಿಯಲ್ಲಿ. ಅದನ್ನು ಕಂಡವನು ನನ್ನಂತೆಯೇ ಒಬ್ಬ ಉಪಾಧ್ಯಾಯ ಎಂಬುದು ನನಗೆ ಹೆಮ್ಮೆಯ ವಿಷಯ. 1909ರ ಆಗಸ್ಟಿನಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮಾಸ್ತರನು ಮಕ್ಕಳೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಗುಡುಗುಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ಆಶ್ರಯ ಪಡೆದನು. ರಜೆಯಲ್ಲಿ ಬರಿದಾಗಿರುವ ಶಾಲೆಗಳಲ್ಲಿ ಹುಲ್ಲು ಹಾಸಿದರೂ ಸಾಕು, ಬಡಮಕ್ಕಳು ನಾಡನ್ನೆಲ್ಲ ನೋಡಬಹುದಲ್ಲ ಎಂದು ಆ ರಾತ್ರಿ ಅವನಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಶಾಶ್ವತ ಯುವ ವಸತಿಗೃಹ ತೆರೆಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದೊಡನೆ ಅವನ ಯುವಪಡೆಯು ಈ ವಸತಿಗೃಹಗಳನ್ನೆಲ್ಲ ವಶಪಡಿಸಿಕೊಂಡಿತು. ಯಹೂದಿ ಮಕ್ಕಳಿಗೆ ಬಾಗಿಲು ಮುಚ್ಚಿತು. ಎಲ್ಲರಿಗಾಗಿ ಹೊದಿಸಿದ ಮಾಡು ಕೆಲವರದಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಬರ್ಲಿನ್ ಈ ತಪ್ಪುಗಳನ್ನು ಬಚ್ಚಿಡುವುದಿಲ್ಲ. ಬೆಬೆಲ್ ಚೌಕದ ನೆಲಹಾಸಿನ ನಡುವೆ ಒಂದು ಗಾಜಿನ ಹಲಗೆಯಿದೆ. ಬಗ್ಗಿ ನೋಡಿದರೆ ನೆಲದಡಿ ಬಿಳಿಯ ಕಪಾಟುಗಳು. ಇಪ್ಪತ್ತು ಸಾವಿರ ಪುಸ್ತಕಗಳಿಗೆ ಸ್ಥಳವಿದೆ, ಒಂದೂ ಪುಸ್ತಕವಿಲ್ಲ. 1933ರ ಮೇ 10ರ ರಾತ್ರಿ ಅಲ್ಲಿ ಗ್ರಂಥಗಳನ್ನು ಸುಟ್ಟುದರ ಸ್ಮಾರಕವದು. ಸುಡಲು ಮುಂದಾದವರು ವಿದ್ಯಾರ್ಥಿಗಳು ಎಂಬುದನ್ನು ನೆನೆದು ಪಾಠ ಹೇಳುವ ನನ್ನ ಎದೆ ನಡುಗಿತು. ಇನ್ನು ಬೀದಿಗಳಲ್ಲಿ, ಮನೆಗಳ ಮುಂದಿನ ಕಾಲುದಾರಿಯಲ್ಲಿ, ಅಂಗೈಯಗಲದ ಹಿತ್ತಾಳೆಯ ಬಿಲ್ಲೆಗಳು ಹೊಳೆಯುತ್ತವೆ. ಆ ಮನೆಯಿಂದ ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಕೊನೆಯುಸಿರೆಳೆದ ಸ್ಥಳ ಅವುಗಳ ಮೇಲಿವೆ. ಓದಬೇಕಾದರೆ ತಲೆ ಬಾಗಿಸಲೇ ಬೇಕು.

ಅಂತಹ ಒಂದು ಬಿಲ್ಲೆಯ ಮುಂದೆ ಬಾಗಿದಾಗ ನನಗೆ ನೆನಪಾದದ್ದು ಬರ್ಲಿನ್ನಲ್ಲ. ಎಂ.ಎ. ತರಗತಿಯಲ್ಲಿದ್ದಾಗ ನಾನೂ ನನ್ನೊಬ್ಬ ಗೆಳೆಯನೂ ಒಂದು ಕ್ಷೇತ್ರಕ್ಕೆ ಹೋಗಿ ರಾತ್ರಿ ಅಲ್ಲಿಯ ಛತ್ರವೊಂದರ ಬಾಗಿಲು ತಟ್ಟಿದ್ದೆವು. ಮೇಲ್ವಿಚಾರಕರು ಮಂಚ ಯಾವುದೆಂದು ಕೇಳಲಿಲ್ಲ. ಕುಲ ಯಾವುದೆಂದು ಕೇಳಿದರು. ನನ್ನ ಉತ್ತರ ಅವರಿಗೆ ಒಪ್ಪಿಗೆಯಾಯಿತು, ಗೆಳೆಯನದು ಆಗಲಿಲ್ಲ. "ನೀನು ಮಲಗು, ನನಗೆ ಬಸ್ ನಿಲ್ದಾಣ ಸಾಕು" ಎಂದು ಅವನು ನಕ್ಕು ಹೊರಟನು. ನಾನು ತಡೆಯಲಿಲ್ಲ, ಜೊತೆಗೆ ಹೋಗಲೂ ಇಲ್ಲ. ದಣಿವಾಗಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬಾಗಿಲು ಮುಚ್ಚಿದವರನ್ನು ಬಯ್ಯುವುದು ಸುಲಭ. ಮುಚ್ಚಿದ ಬಾಗಿಲಿನ ಒಳಗೆ ಚಾಪೆ ಹಾಸಿಕೊಂಡು ನಿದ್ರಿಸಿದವನನ್ನು ಯಾರು ಕೇಳುತ್ತಾರೆ?

ಆ ರಾತ್ರಿ ಅಡುಗೆಮನೆಯಿಂದ ಗೆಳೆಯನಿಗೆ ಫೋನು ಮಾಡಿದೆ. ಊರಿನಲ್ಲಿ ಆಗ ನಡುರಾತ್ರಿ. ವಿಷಯ ಹೇಳಿದೆ. ಬಹಳ ಹೊತ್ತು ಅವನು ಮಾತನಾಡಲಿಲ್ಲ. ಕೊನೆಗೆ, "ನಿನಗೆ ಮರೆತುಹೋಗಿರಬೇಕು ಎಂದುಕೊಂಡಿದ್ದೆ. ನನಗೆ ಮರೆತಿಲ್ಲ" ಎಂದನು. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. ಆದರೆ ಬಂದ ಮೇಲೆ ಮನೆಗೆ ಬಾ ಎಂದನು.

ಮೇಲಿನ ಮಂಚ ಹತ್ತಿ ಮಲಗಿದೆ. ಕೆಳಗೆ ವೃದ್ಧರ ಗೊರಕೆ ಯಥಾಪ್ರಕಾರ ಸಾಗಿತ್ತು. ಅದೇಕೋ ಅಂದು ಅದರಿಂದ ನಿದ್ರೆಗೆ ಭಂಗವಾಗಲಿಲ್ಲ.